ಹೊಸಬರಿಗೆ ಮೊದಲು ಪೇಟೆ ದಾರಿ ತೋರಿಸಿ

ಪ್ರಶ್ನೆ: ನಾನು ಹಾಸನದಲ್ಲಿ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಮುಸ್ಲಿಂ ವಿದ್ಯಾರ್ಥಿಗಳದ್ದೇ ಒಂದು ಚಿಕ್ಕ ಬಳಗ ನಮ್ಮದು. ನೋಂದಣಿ ಗಿಂದಣಿ ಏನೂ ಇಲ್ಲ. ಪ್ರತಿ ವರ್ಷ ಹೊಸಬರು ಬಂದಾಗ ಒಂದು ಸ್ವಾಗತ ಕಾರ್ಯಕ್ರಮ ಮಾಡುತ್ತೇವೆ. ಮೌಲಾನಾ ಒಬ್ಬರ ಭಾಷಣ, ಆಮೇಲೆ ಬಿರಿಯಾನಿ. ಈ ಸಲ 60 ಜನ ಬಂದಿದ್ದರು. ಮುಂದಿನ ತಿಂಗಳ ಸಭೆಗೆ ಬಂದವರು 11. ಅದರಲ್ಲಿ ಹುಡುಗಿಯರು ಇಬ್ಬರೇ. ನಮ್ಮ ದೊಡ್ಡಪ್ಪನ ಮಗ ಇಂಗ್ಲೆಂಡಿನಲ್ಲಿ ಓದುತ್ತಾನೆ. ಅಲ್ಲಿನ ಇಸ್ಲಾಮಿಕ್ ಸೊಸೈಟಿಯ ಫೋಟೋ ಕಳಿಸುತ್ತಿರುತ್ತಾನೆ, ಹಾಲ್ ತುಂಬಾ ಜನ. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪ್ರಶ್ನೆ ಓದಿ ನನಗೆ ಸಂತೋಷವೇ ಆಯಿತು. 60 ಜನ ಬಂದರು ಅಂತ ಬೀಗದೆ, ಉಳಿದ 49 ಜನ ಎಲ್ಲಿ ಹೋದರು ಅಂತ ಕೇಳುತ್ತಿದ್ದೀರಿ. ಅರ್ಧ ಕೆಲಸ ಅಲ್ಲೇ ಆಯಿತು.

ಮೊದಲು ನನ್ನದೇ ಒಂದು ಅನುಭವ ಹೇಳುತ್ತೇನೆ. ಮೂವತ್ತು ವರ್ಷಕ್ಕೂ ಹಿಂದೆ ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಿಂದ ಹಾಸನಕ್ಕೆ ಓದಲು ಬಂದೆ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮನೆಮಾತು ಬ್ಯಾರಿ. ಮೊದಲ ವಾರ ಯಾರೋ ಹೇಳಿದರು ಅಂತ ಮುಸ್ಲಿಂ ಹುಡುಗರ ಒಂದು ಸಭೆಗೆ ಹೋದೆ. ಎಲ್ಲರೂ ಉರ್ದುವಿನಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಥವಾಗಿದ್ದು ಸಲಾಂ ಮತ್ತು ಕೊನೆಯ ಆಮೀನ್ ಮಾತ್ರ. ಒಂದೂವರೆ ಗಂಟೆ ಕೂತೆ. ಊಟ ಮಾಡಿದೆ. ಕೈ ತೊಳೆದು ಹೊರಟೆ. ಯಾರೂ ನನ್ನ ಹೆಸರು ಕೇಳಲಿಲ್ಲ. ಅವರು ಕೆಟ್ಟವರಲ್ಲ. ಬಡಿಸುವ ಗಡಿಬಿಡಿಯಲ್ಲಿದ್ದರು ಅಷ್ಟೆ. ಆದರೆ ಆ ಸಭೆಗೆ ನಾನು ಮತ್ತೆ ಹೋಗಲಿಲ್ಲ.

ಎರಡು ದಿನ ಬಿಟ್ಟು ಹಾಸ್ಟೆಲಿನ ನಲ್ಲಿ ಹತ್ತಿರ ಒಬ್ಬ ಸೀನಿಯರ್ ಸಿಕ್ಕಿದ. ನಾನು ಬೇರೆಯವರ ಬಕೆಟ್ ಖಾಲಿಯಾಗಲಿ ಅಂತ ಕಾಯುತ್ತಾ ನಿಂತಿದ್ದೆ. "ಬಕೆಟ್ ಇಲ್ವಾ ನಿನ್ ಹತ್ರ?" ಅಂದ. ಸಂಜೆ ನನ್ನನ್ನು ಪೇಟೆಗೆ ಕರೆದುಕೊಂಡು ಹೋದ. ನೀಲಿ ಬಣ್ಣದ ಪ್ಲಾಸ್ಟಿಕ್ ಬಕೆಟ್. ಹಿಡಿ ಗಟ್ಟಿ ಇದೆಯಾ ಅಂತ ಎರಡು ಸಲ ಎತ್ತಿ ನೋಡಿದ. ಚೌಕಾಸಿ ಮಾಡಿ ಐದು ರೂಪಾಯಿ ಕಡಿಮೆ ಮಾಡಿಸಿದ. ಬರುವಾಗ ಕಡಿಮೆ ದುಡ್ಡಿಗೆ ಊಟ ಸಿಗುವ ಹೋಟೆಲು, ಅಸರ್ (ಸಂಜೆಮುಂಚಿನ) ನಮಾಜಿಗೆ ಹತ್ತಿರವಾಗುವ ಮಸೀದಿ, ಎರಡನ್ನೂ ತೋರಿಸಿದ. ಮುಂದಿನ ಶುಕ್ರವಾರ ನಾನು ಅವನ ಜೊತೆ ಜುಮ್ಮಾ ನಮಾಜಿಗೆ ಹೋದೆ. ಹಾಸನ ನನಗೆ ನನ್ನ ಊರಾಗಿದ್ದು ಆ ಬಕೆಟ್ಟಿನಿಂದ.

ಪ್ರವಾದಿ ಮುಹಮ್ಮದರ (ಸ, ಅಂದರೆ ಅವರ ಮೇಲೆ ಶಾಂತಿಯಿರಲಿ) ಕಾಲದ ಒಂದು ಘಟನೆಯೂ ಹೀಗೇ ಇದೆ. ಕ್ರಿ.ಶ. 622ರಲ್ಲಿ ಮಕ್ಕಾದ ಮುಸ್ಲಿಮರು ಮನೆಮಠ ಬಿಟ್ಟು ಮದೀನಾಕ್ಕೆ ಬಂದರು. ಅವರನ್ನು ನೆಲೆಗೊಳಿಸಲು ಪ್ರವಾದಿಯವರು ಒಂದು ಉಪಾಯ ಮಾಡಿದರು. ಬಂದ ಒಬ್ಬೊಬ್ಬರಿಗೂ ಊರಿನ ಒಬ್ಬೊಬ್ಬರನ್ನು ಅಣ್ಣತಮ್ಮಂದಿರಂತೆ ಜೋಡಿ ಮಾಡಿದರು. ಅಬ್ದುರ್ರಹ್ಮಾನ್ ಬಿನ್ ಔಫ್ ಅವರಿಗೆ ಜೋಡಿಯಾದವರು ಸಅದ್ ಬಿನ್ ರಬೀ. ಸಅದ್ ತಮ್ಮ ಆಸ್ತಿಯಲ್ಲಿ ಅರ್ಧ ಕೊಡುತ್ತೇನೆ ಅಂದರು. ಅಬ್ದುರ್ರಹ್ಮಾನ್ ಸಅದರಿಗೆ ಒಳ್ಳೆಯದಾಗಲಿ ಅಂತ ಹರಸಿ, ಆಸ್ತಿ ಬೇಡ, ಇಲ್ಲಿ ಪೇಟೆ ಎಲ್ಲಿದೆ ತೋರಿಸಿ ಅಂದರು. ಪೇಟೆಗೆ ಹೋಗಿ ವ್ಯಾಪಾರ ಮಾಡಿ, ಒಂದಿಷ್ಟು ಒಣ ಮೊಸರಿನ ಗಟ್ಟಿ, ತುಪ್ಪ ಸಂಪಾದಿಸಿಕೊಂಡು ಬಂದರು. ಮುಂದೆ ಅವರು ಬಹಳ ದೊಡ್ಡ ವ್ಯಾಪಾರಿಯಾದರು.

ಗಮನಿಸಿ, ಅಲ್ಲಿ ಎಲ್ಲರನ್ನೂ ಒಂದೇ ದಿನ ಕೂರಿಸಿ ಸ್ವಾಗತ ಮುಗಿಸಲಿಲ್ಲ. ಒಬ್ಬರಿಗೆ ಒಬ್ಬರು ಅಂತ ವಹಿಸಿದರು. ನಿಮ್ಮ ಬಳಗ ತಪ್ಪುತ್ತಿರುವುದು ಇಲ್ಲೇ ಅಂತ ನನ್ನ ಅನಿಸಿಕೆ. ನೀವು 60 ಜನರನ್ನು ಒಟ್ಟಿಗೆ ಸ್ವಾಗತಿಸುತ್ತಿದ್ದೀರಿ. ಒಬ್ಬೊಬ್ಬನನ್ನಾಗಿ ಯಾರೂ ಸ್ವಾಗತಿಸುತ್ತಿಲ್ಲ.

ಹಾಗಾಗಿ ಮುಂದಿನ ವರ್ಷ ಬಿರಿಯಾನಿಗೆ ಮೊದಲು ಒಂದು ನೋಟ್‌ಬುಕ್ ಹಿಡಿದು ಕೂರಿ. ನಿಮ್ಮಲ್ಲಿ ಜವಾಬ್ದಾರಿ ಹೊರುವ ಹಳಬರು ಎಷ್ಟು ಜನ? 15 ಅಂದುಕೊಳ್ಳಿ. ಒಬ್ಬರಿಗೆ ಮೂವರು ಹೊಸಬರು, ನಾಲ್ವರು ಅಂದರೆ ಜಾಸ್ತಿಯೇ ಆಯಿತು. ಹುಡುಗರಿಗೆ ಹುಡುಗರು, ಹುಡುಗಿಯರಿಗೆ ಹುಡುಗಿಯರು. ಆದಷ್ಟು ಒಂದೇ ವಿಭಾಗ, ಇಲ್ಲ ಒಂದೇ ಹಾಸ್ಟೆಲ್, ಇಲ್ಲ ಒಂದೇ ರೂಟಿನ ಬಸ್ಸು. ಆರು ವಾರ ಆ ಮೂವರ ಜವಾಬ್ದಾರಿ ಆ ಒಬ್ಬರದ್ದು. ಅಂದರೆ ವಾರಕ್ಕೊಂದು ಸಲ ಮುಖಾಮುಖಿ ಭೇಟಿ, ಒಂದು ಚಹಾ, ಒಂದೇ ಪ್ರಶ್ನೆ: ಈ ವಾರ ಏನು ಕಷ್ಟ ಆಯ್ತು?

ಬರುವ ಉತ್ತರಗಳಲ್ಲಿ ಧರ್ಮದ ವಿಷಯ ಕಡಿಮೆ ಇರುತ್ತದೆ. ಇದನ್ನು ನೋಡಿ ಬೇಜಾರಾಗಬೇಡಿ. ಸ್ಕಾಲರ್‌ಶಿಪ್ ಅರ್ಜಿ ಹಾಕೋದು ಗೊತ್ತಿಲ್ಲ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ನಾಡಕಚೇರಿಗೆ ಹೋಗಬೇಕು, ಆದರೆ ಕ್ಲಾಸು ತಪ್ಪುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಆಧಾರ್ ಹೆಸರೂ ಅಂಕಪಟ್ಟಿ ಹೆಸರೂ ಹೊಂದುತ್ತಿಲ್ಲ. ನಮ್ಮವರಲ್ಲಿ ಈ ಹೆಸರಿನ ತೊಂದರೆ ಬಹಳ. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಬರೀ ಎಂ.ಡಿ., ಮತ್ತೊಂದರಲ್ಲಿ ಮಹಮದ್. ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಇದೆ ಅನ್ನೋದೇ ಎಷ್ಟೋ ಹಳ್ಳಿ ಹುಡುಗರಿಗೆ ಗೊತ್ತಿರುವುದಿಲ್ಲ. ಎಂಜಿನಿಯರಿಂಗ್, ಮೆಡಿಕಲ್ ಸೇರಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಅಂತ ಒಂದಿದೆ, ಅದೂ ಗೊತ್ತಿರುವುದಿಲ್ಲ. ನಿಮ್ಮ ಕಾಲದ ಪೇಟೆ ಇದೇ. ಇದರ ದಾರಿ ತೋರಿಸಿದ ಹಳಬನನ್ನು ಹೊಸಬ ಜೀವನಪೂರ್ತಿ ಮರೆಯುವುದಿಲ್ಲ. ಈ ಅರ್ಜಿಗಳನ್ನು ಹಿಂದಿನ ವರ್ಷ ತಾನೇ ಹಾಕಿದ ಒಬ್ಬರನ್ನು ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಸಮೇತ ಕೂರಿಸಿ. ಭಾಷಣಕ್ಕೆ ಬಂದಿದ್ದಕ್ಕಿಂತ ಜಾಸ್ತಿ ಜನ ಬರುತ್ತಾರೆ. ಮತ್ತೆಯೂ ಬರುತ್ತಾರೆ.

ಇನ್ನು ಇಂಗ್ಲೆಂಡಿನ ಫೋಟೋಗಳ ವಿಷಯ. ಅಲ್ಲಿಯ ಸೊಸೈಟಿಗಳಿಗೆ ದೊಡ್ಡ ಚರಿತ್ರೆ ಇದೆ. ಬ್ರಿಟನ್ನಿನ ಹಲವು ವಿದ್ಯಾರ್ಥಿ ಇಸ್ಲಾಮಿಕ್ ಸೊಸೈಟಿಗಳು ಸೇರಿ 1962ರಲ್ಲಿ ಫೋಸಿಸ್ ಎಂಬ ಒಕ್ಕೂಟ ಕಟ್ಟಿಕೊಂಡವು. ಮರುವರ್ಷ, 1963ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮುಸ್ಲಿಂ ಸ್ಟೂಡೆಂಟ್ಸ್ ಅಸೋಸಿಯೇಷನ್ ಶುರುವಾಯಿತು. ಕಾರಣ ಸರಳ. ಬೇರೆ ಬೇರೆ ದೇಶಗಳಿಂದ ಓದಲು ಹೋದವರಿಗೆ ಅಲ್ಲಿ ಯಾರೂ ಇರಲಿಲ್ಲ. ಜುಮ್ಮಾ ಎಲ್ಲಿ, ಹಲಾಲ್ ಊಟ ಎಲ್ಲಿ, ಹಬ್ಬ ಯಾರ ಜೊತೆ? ಇದೆಲ್ಲಕ್ಕೂ ಸೊಸೈಟಿಯೇ ಮನೆಯಾಗಬೇಕಿತ್ತು. ಶನಿವಾರ ಭಾನುವಾರವೂ ಅವರಿಗೆ ಹೋಗಲು ಬೇರೆ ಜಾಗವಿಲ್ಲ. ಹಾಲ್ ತುಂಬುತ್ತದೆ.

ನಿಮ್ಮ ಹುಡುಗ ಹಾಗಲ್ಲ. ಅವನ ಮನೆ ಆಲೂರಿನಲ್ಲೋ ಅರಕಲಗೂಡಿನಲ್ಲೋ ಇದೆ. ಶನಿವಾರ ಮಧ್ಯಾಹ್ನ ಬ್ಯಾಗ್ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಓಡುತ್ತಾನೆ. ಊರಲ್ಲಿ ಮಸೀದಿಯಿದೆ, ಅಮ್ಮನ ಅಡುಗೆಯಿದೆ. ಅವನ ಒಂಟಿತನ ಸೋಮವಾರ ಶುರುವಾಗಿ ಶನಿವಾರ ಮುಗಿಯುತ್ತದೆ. ನೀವು ಸಭೆ ಇಡುವುದು ಭಾನುವಾರ ಇರಬೇಕು ಅಂತ ನನ್ನ ಊಹೆ, ಯಾಕೆಂದರೆ ಹೆಚ್ಚಿನವರು ಹಾಗೇ ಮಾಡುತ್ತಾರೆ. ಅದನ್ನು ಬುಧವಾರಕ್ಕೆ ತನ್ನಿ. ಮಧ್ಯಾಹ್ನದ ಊಟದ ಹೊತ್ತಿಗೆ, 40 ನಿಮಿಷ ಸಾಕು. ಅವರವರ ಡಬ್ಬಿ ಅವರವರು ತರಲಿ. ಬಿರಿಯಾನಿ ದುಡ್ಡೂ ಉಳಿಯುತ್ತದೆ. ಆ ದುಡ್ಡಲ್ಲಿ ಒಬ್ಬ ಬಡ ಹುಡುಗನ ಪರೀಕ್ಷೆ ಶುಲ್ಕ ಕಟ್ಟಬಹುದು.

ಈಗ ಭಾಷೆಯ ವಿಷಯ. ಇದು ನನಗೆ ಬಹಳ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಹಾಸನದಲ್ಲಿ ಓದುವ ಮುಸ್ಲಿಮರು ಅಂದರೆ ಒಂದೇ ಥರ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡರೆ ಹೇಗೆ? ಪೆನ್ಷನ್ ಮೊಹಲ್ಲಾದ ಹುಡುಗ ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾನೆ. ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ಹುಡುಗನ ಮನೆಯಲ್ಲಿ ಬ್ಯಾರಿ ಅಥವಾ ಮಲಯಾಳಂ. ಅವನಿಗೆ ನಮಾಜ್ ಅಂದರೆ ನಿಸ್ಕಾರ, ರೋಜಾ ಅಂದರೆ ನೋಂಬು, ಮಸೀದಿ ಅಂದರೆ ಪಳ್ಳಿ. ಬಯಲುಸೀಮೆಯಿಂದ ಬಂದ ಪಿಂಜಾರರ ಹುಡುಗಿಗೆ ಮನೆಯಲ್ಲೂ ಕನ್ನಡ, ಹೊರಗೂ ಕನ್ನಡ. "ಉರ್ದು ಬರಲ್ವಾ? ಮತ್ತೆ ನೀನೆಂಥ ಮುಸ್ಲಿಂ?" ಅಂತ ಒಂದು ಮಾತು ಯಾರಾದರೂ ತಮಾಷೆಗೆ ಅಂದರೂ ಸಾಕು, ಅವಳು ಮತ್ತೆ ಬರುವುದಿಲ್ಲ. ಅಂಥ ಮಾತು ನಿಮ್ಮಲ್ಲಿ ಯಾರ ಬಾಯಲ್ಲೂ ಬರಬಾರದು. ಉರ್ದು ಚೆಂದದ ಭಾಷೆ. ಆದರೆ ಇಸ್ಲಾಮಿಗೆ ಉರ್ದುವಿನ ಷರತ್ತಿಲ್ಲ. ನಿಮ್ಮೆಲ್ಲರಿಗೂ ಒಟ್ಟಿಗೆ ಬರುವ ಭಾಷೆ ಕನ್ನಡ. ಸಭೆ ಕನ್ನಡದಲ್ಲೇ ನಡೆಯಲಿ. ಮೌಲಾನಾ ಉರ್ದುವಿನಲ್ಲಿ ಮಾತಾಡಿದರೆ ಪಕ್ಕದಲ್ಲಿ ಒಬ್ಬರು ನಿಂತು ಕನ್ನಡದಲ್ಲಿ ಹೇಳಲಿ. ಕುರ್‌ಆನಿನ 49ನೇ ಅಧ್ಯಾಯದ 13ನೇ ವಚನ ನೋಡಿ. ನಿಮ್ಮನ್ನು ಜನಾಂಗಗಳಾಗಿ, ಬುಡಕಟ್ಟುಗಳಾಗಿ ಮಾಡಿದ್ದು ನೀವು ಒಬ್ಬರನ್ನೊಬ್ಬರು ಅರಿಯಲಿ ಅಂತ, ಎನ್ನುತ್ತದೆ ಅದು.

ಭಾಷೆಯ ಜೊತೆಗೇ ಮದ್‌ಹಬ್ ಬರುತ್ತದೆ. ಅಂದರೆ ಧರ್ಮದ ಆಚರಣೆಯ ನಿಯಮ ಹೇಳುವ ಪಂಥ. ಉರ್ದು ಮನೆಯವರು ಸಾಮಾನ್ಯವಾಗಿ ಹನಫಿ. ಕರಾವಳಿ ಮೂಲದವರು ಶಾಫಿ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ತಮ್ಮ ಮನೆಯಲ್ಲಿ ಮಾಡುವುದೇ ಇಸ್ಲಾಂ, ಬೇರೆಯವರದ್ದು ತಪ್ಪು ಅಂತ ಅವರ ನಂಬಿಕೆ. ಶಾಫಿಗಳಿಗೆ ಒಂದು ವಸ್ತುವಿನ ನೆರಳು ಅದರ ಉದ್ದದಷ್ಟಾದಾಗ ಅಸರ್ ಹೊತ್ತು ಶುರು. ಹನಫಿಗಳಿಗೆ ಎರಡರಷ್ಟಾಗಬೇಕು. ಎರಡರಲ್ಲೂ ನಡು ಮಧ್ಯಾಹ್ನದ ನೆರಳನ್ನು ಬಿಟ್ಟು ಲೆಕ್ಕ. ನಮ್ಮ ಕಡೆ ಇದು ಹೆಚ್ಚುಕಡಿಮೆ ಒಂದು ಗಂಟೆಯ ಅಂತರ. ಒಬ್ಬ ಕ್ಲಾಸ್ ಬಿಟ್ಟ ತಕ್ಷಣ ಮಾಡುತ್ತಾನೆ, ಇನ್ನೊಬ್ಬ ಕಾಯುತ್ತಾನೆ. ಶಾಫಿಗಳು ಬೆಳಗಿನ ನಮಾಜಿನಲ್ಲಿ ಕುನೂತ್ ಎಂಬ ಪ್ರಾರ್ಥನೆ ಓದುತ್ತಾರೆ, ಆಮೀನ್ ಜೋರಾಗಿ ಹೇಳುತ್ತಾರೆ. ಹನಫಿಗಳು ಆಮೀನನ್ನು ಮನಸ್ಸಿನಲ್ಲೇ ಹೇಳುತ್ತಾರೆ. ಎರಡಕ್ಕೂ ಸಾವಿರ ವರ್ಷಕ್ಕೂ ಹಿಂದಿನ ವಿದ್ವಾಂಸರ ಆಧಾರವಿದೆ. ಇಮಾಂ ಅಬೂ ಹನೀಫಾ ತೀರಿಕೊಂಡಿದ್ದು ಕ್ರಿ.ಶ. 767ರಲ್ಲಿ, ಇಮಾಂ ಶಾಫಿ 820ರಲ್ಲಿ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಒಬ್ಬ ಹೊಸ ಹುಡುಗಿ ಊಟದ ಡಬ್ಬಿಯಲ್ಲಿ ಏಡಿ ಸುಕ್ಕಾ ತಂದಿದ್ದಳು. ಅವಳ ಅಜ್ಜಿ ಮಂಗಳೂರು ಕಡೆಯವರು. ತೆಂಗಿನಕಾಯಿ ಹುರಿದು ಹಾಕಿದ್ದು, ಮುಚ್ಚಳ ತೆಗೆದ ಕೂಡಲೇ ರೂಮೆಲ್ಲ ಘಮ್ಮೆಂದಿತು. ಖುಷಿಯಿಂದ ಎಲ್ಲರ ಮುಂದೆ ಹಿಡಿದಳು. ಒಬ್ಬಳು ಸೀನಿಯರ್ ಕೈ ಹಿಂದಕ್ಕೆಳೆದು, "ಛೀ, ಇದನ್ನ ತಿನ್ನಬಾರದು ಕಣೆ" ಅಂದಳು. ಹನಫಿಗಳು ಏಡಿ ತಿನ್ನುವುದಿಲ್ಲ ನಿಜ. ಶಾಫಿಗಳಲ್ಲಿ ತಿನ್ನಬಹುದು ಅನ್ನುವ ವಿದ್ವಾಂಸರಿದ್ದಾರೆ. ಎರಡು ಸಾಲಿನ ವಿವರಣೆ ಸಾಕಿತ್ತು. ಆ ಹುಡುಗಿ ಡಬ್ಬಿ ಮುಚ್ಚಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ, ಮತ್ತೆ ಮತ್ತೆ ಒತ್ತುತ್ತಿದ್ದಳು. ಆ ಕೈ ಈಗಲೂ ನನ್ನ ಕಣ್ಣ ಮುಂದಿದೆ. ಅಜ್ಜಿಯ ಅಡುಗೆಯನ್ನೇ ಧರ್ಮದ ಹೆಸರಲ್ಲಿ ತಳ್ಳಿದ ಮೇಲೆ ಯಾವ ಸ್ವಾಗತ ಭಾಷಣ ಏನು ಮಾಡೀತು?

ಆದ್ದರಿಂದ ಹಳಬರಿಗೆ ಮೊದಲೇ ಒಂದು ಪಾಠ ಆಗಬೇಕು. ಇವೆರಡು ಮದ್‌ಹಬ್‌ಗಳ ವ್ಯತ್ಯಾಸ ಗೊತ್ತಿರುವ ಒಬ್ಬ ಆಲಿಮರನ್ನು (ಧರ್ಮ ವಿದ್ವಾಂಸರನ್ನು) ಕರೆಸಿ, ಒಂದು ಗಂಟೆ ಹೇಳಿಸಿ. ತಬ್ಲೀಗ್, ಸುನ್ನಿ, ಅಹ್ಲೆ ಹದೀಸ್ ಎಂಬ ಪಂಗಡಗಳ ಜಗಳಗಳನ್ನು ಹೊಸ್ತಿಲಾಚೆ ಬಿಡಿ. ನಿಮ್ಮ ಬಳಗ ಹೊರಗಿನ ಯಾವ ಸಂಘಟನೆಯ ಶಾಖೆಯೂ ಆಗಬಾರದು, ಯಾವ ಪಕ್ಷದ್ದಂತೂ ಬೇಡವೇ ಬೇಡ. ಹೊಸ ಹುಡುಗರನ್ನು ಸೆಳೆಯಲು ಹೊರಗಿನವರು ಬಂದೇ ಬರುತ್ತಾರೆ. ಮರ್ಯಾದೆಯಿಂದ ಬೇಡ ಅನ್ನಿ.

ಹುಡುಗಿಯರು ಇಬ್ಬರೇ ಅಂದಿರಿ. ಮೊದಲು ಬಸ್ಸಿನ ವೇಳಾಪಟ್ಟಿ ನೋಡಿ. ಸಂಜೆ ಐದಕ್ಕೆ ಸಭೆ ಇಟ್ಟರೆ ಬೇಲೂರು, ಹೊಳೆನರಸೀಪುರದ ಕಡೆಗೆ ದಿನಾ ಓಡಾಡುವ ಹುಡುಗಿ ಹೇಗೆ ಬರಬೇಕು? ಎರಡನೆಯದು, ನಿರ್ಧಾರ ಮಾಡುವ ಜಾಗದಲ್ಲಿ ಅವರಿದ್ದಾರಾ? ಬಡಿಸುವುದಕ್ಕೆ, ರಂಗೋಲಿ ಥರ ಚಾರ್ಟ್ ಬರೆಯುವುದಕ್ಕೆ ಮಾತ್ರ ಕರೆದರೆ ಯಾರೂ ಬರುವುದಿಲ್ಲ. ಲೆಕ್ಕಪತ್ರ ಒಬ್ಬ ಹುಡುಗಿಯ ಕೈಗೆ ಕೊಡಿ. ಮೂರನೆಯದು ಬಹಳ ಸಣ್ಣದು ಅನ್ನಿಸಬಹುದು: ವುಜೂ (ನಮಾಜಿಗೆ ಮೊದಲು ಮುಖ ಕೈಕಾಲು ತೊಳೆಯುವುದು) ಮಾಡಲು ಜಾಗ. ಹುಡುಗರು ಮಸೀದಿಗೆ ಹೋಗಿಬಿಡುತ್ತಾರೆ. ಹುಡುಗಿ ಕಾಲೇಜಿನ ವಾಶ್‌ಬೇಸಿನ್ನಿನಲ್ಲಿ ಕಾಲು ತೊಳೆಯಲು ಒದ್ದಾಡಬೇಕು, ಒಳಗೆ ಬಂದವರು ದಿಟ್ಟಿಸಿ ನೋಡುತ್ತಾರೆ. ಒಂದು ಮಗ್, ಒಂದು ಒರೆಸುವ ಬಟ್ಟೆ, ನೆಲ ಒದ್ದೆ ಆಗದ ಹಾಗೆ ಒರೆಸಿ ಬರುವ ಅಭ್ಯಾಸ. ಇಷ್ಟನ್ನು ಒಬ್ಬ ಅಕ್ಕ ಜೊತೆಗೆ ನಿಂತು ತೋರಿಸಿಕೊಟ್ಟರೆ ಮುಜುಗರ ಅರ್ಧ ಕಡಿಮೆ.

ಇನ್ನೊಂದು ಮಾತು. 2022ರ ಹಿಜಾಬ್ ಗಲಾಟೆಯ ಸಮಯದಲ್ಲಿ ಪಿಯು ಓದುತ್ತಿದ್ದ ಹುಡುಗಿಯರು ಈಗ ಎಂ.ಎ., ಎಂ.ಎಸ್ಸಿ. ವಯಸ್ಸಿನವರು. ಆ ವರ್ಷ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕೆಲವರಿಗೆ ಒಂದು ವರ್ಷವೇ ಹೋಯಿತು. ಕೆಲವರು ತಲೆವಸ್ತ್ರ ತೆಗೆದು ಓದಿದರು, ಕೆಲವರು ಮೊದಲಿಂದಲೂ ಹಾಕುತ್ತಿರಲಿಲ್ಲ. ಅವಳ ತಲೆಯ ಮೇಲೆ ಏನಿದೆ, ಏನಿಲ್ಲ ಅನ್ನುವುದು ಮೊದಲ ಮಾತಾಗಬಾರದು. ಹತ್ತನೆಯ ಮಾತೂ ಆಗಬೇಕಿಲ್ಲ. ಅವಳಾಗಿ ಎತ್ತಿದರೆ ಕೇಳಿಸಿಕೊಳ್ಳಿ.

ಇದೇ ಮಾತು ನಮಾಜಿಗೂ. "ಐದು ಹೊತ್ತು ಮಾಡ್ತೀಯಾ?" ಅಂತ ಹೊಸಬನನ್ನು ಎಲ್ಲರ ಮುಂದೆ ಕೇಳಬೇಡಿ. ಸುಮ್ನೆ "ಲೇ, ಜುಮ್ಮಾಗೆ ಹೋಗ್ತಿದೀವಿ, ಬರ್ತೀಯಾ?" ಅಂದರೆ ಸಾಕು. ಪರಿಚಯದ ನೆಪದಲ್ಲಿ ಹೊಸಬರನ್ನು ಎದ್ದು ನಿಲ್ಲಿಸಿ ನಅತ್ (ಪ್ರವಾದಿಯವರ ಸ್ತುತಿಗೀತೆ) ಹಾಡಿಸುವುದು, ಕಲಿಮಾ (ವಿಶ್ವಾಸದ ವಾಕ್ಯ) ಹೇಳಿಸುವುದು, ನಗುವುದು, ಇದೆಲ್ಲ ರ‍್ಯಾಗಿಂಗೇ. ಯುಜಿಸಿಯ 2009ರ ನಿಯಮ ಧರ್ಮದ ಹೆಸರಿಗೆ ರಿಯಾಯಿತಿ ಕೊಡುವುದಿಲ್ಲ.

ಬಾಗಿಲ ಹತ್ತಿರ ಕೂರುವವನ ಕಡೆ ವಿಶೇಷ ಗಮನ ಇರಲಿ. ಕುರ್‌ಆನಿನ 80ನೇ ಅಧ್ಯಾಯ ಶುರುವಾಗುವುದೇ ಇಂಥ ಒಂದು ಪ್ರಸಂಗದಿಂದ. ಪ್ರವಾದಿಯವರು (ಸ) ಮಕ್ಕಾದ ದೊಡ್ಡ ಮನುಷ್ಯರ ಜೊತೆ ಮಾತಾಡುತ್ತಿದ್ದಾಗ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್ ಎಂಬ ಕುರುಡರು ಕಲಿಯಬೇಕೆಂದು ಬಂದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು. ಆಗ ಅವರನ್ನು ತಿದ್ದುವ ವಚನಗಳು ಬಂದವು. ಮುಂದೆ ಇದೇ ಕುರುಡರು ಮದೀನಾದಲ್ಲಿ ಬಿಲಾಲರ ಜೊತೆ ಅಜಾನ್ ಕೂಗುವವರಾದರು. ವೇದಿಕೆಯಲ್ಲಿರುವ ಅತಿಥಿಯ ಹಿಂದೆ ಮುಂದೆ ಓಡಾಡುತ್ತಾ ಬಾಗಿಲಲ್ಲಿ ನಿಂತ ಮೊದಲ ವರ್ಷದವನನ್ನು ಮರೆಯುವಾಗೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತದೆ.

ಕಾಲೇಜಿನ ಅನುಮತಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸರ್ಕಾರಿ ಕ್ಯಾಂಪಸ್ ಎಲ್ಲರದ್ದು. ಖಾಲಿ ಕ್ಲಾಸ್‌ರೂಮನ್ನು ನಾವೇ ಹಿಡಿದು ಕೂರುವುದು ಬೇಡ. ಗುಟ್ಟಾಗಿ ಸೇರುವುದೂ ಬೇಡ. ಬರಹದಲ್ಲಿ ಕೇಳಿ. ಕೊಡದಿದ್ದರೆ ಹತ್ತಿರದ ಮಸೀದಿಯ ಮದರಸಾ ಕೋಣೆಯೋ, ಯಾರದಾದರೂ ಮನೆಯೋ ಆದೀತು. ಜುಮ್ಮಾಗೆ ಕ್ಲಾಸು ಅಡ್ಡ ಬಂದರೆ ಸೆಮಿಸ್ಟರ್ ಶುರುವಿನಲ್ಲೇ ಮೇಷ್ಟರ ಹತ್ತಿರ ಹೋಗಿ ನೇರವಾಗಿ ಹೇಳಿ, ಬಿಟ್ಟುಹೋದ ಪಾಠ ಬರೆದುಕೊಂಡು ತೋರಿಸಿ. ಹೇಳದೆ ಮಾಯವಾಗುವವರಿಂದಲೇ ಎಲ್ಲರಿಗೂ ಕೆಟ್ಟ ಹೆಸರು. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಹಾಸ್ಟೆಲಿನಲ್ಲಿ ಬೆಳಗಿನ ಜಾವದ ಸಹರಿ ಊಟಕ್ಕೆ ಏನು ವ್ಯವಸ್ಥೆ ಅಂತ ವಾರ್ಡನ್ ಹತ್ತಿರ ಒಂದು ತಿಂಗಳು ಮೊದಲೇ ಮಾತಾಡಿ. ಇಫ್ತಾರಿಗೆ ರೂಮ್‌ಮೇಟ್ ಮಂಜುನಾಥನನ್ನೂ ಕರೆಯಿರಿ. ಅವನ ಊರಿನ ಜಾತ್ರೆಗೆ ಅವನು ನಿಮ್ಮನ್ನು ಕರೆಯುತ್ತಾನಲ್ಲ.

ಹುಡುಗಿಯರ ಫೋನ್ ನಂಬರ್ ಇರುವ ಪಟ್ಟಿ ಒಬ್ಬ ಹುಡುಗಿಯ ಹತ್ತಿರ ಮಾತ್ರ ಇರಲಿ. ಕೇಳದೆ ಯಾರನ್ನೂ ವಾಟ್ಸಾಪ್ ಗ್ರೂಪಿಗೆ ಸೇರಿಸಬೇಡಿ.

ಈ ವರ್ಷ ಹೋದದ್ದು ಹೋಯಿತು ಅಂತ ಬಿಡಬೇಡಿ. ಆ 49 ಜನರ ಹೆಸರು ನಿಮ್ಮ ಹಾಜರಿ ಹಾಳೆಯಲ್ಲಿ ಇರುತ್ತದೆ ಅಲ್ವಾ? ಇವತ್ತು ರಾತ್ರಿಯೇ ಹಂಚಿಕೊಳ್ಳಿ. ಫೋನ್ ಮಾಡಿದಾಗ "ಸಭೆಗೆ ಯಾಕೆ ಬರಲಿಲ್ಲ?" ಅಂತ ಶುರು ಮಾಡಬೇಡಿ. ಸಲಾಂ ಹೇಳಿ, ಯಾವ ಊರು ಅಂತ ಕೇಳಿ. ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ರಾ ಅಂತ ಕೇಳಿ. ಇಲ್ಲ ಅಂದರೆ, ನಾಳೆ ಎಷ್ಟು ಗಂಟೆಗೆ ಎಲ್ಲಿ ಸಿಗುತ್ತೀರಿ ಅಂತ ಅಲ್ಲೇ ಗೊತ್ತು ಮಾಡಿಕೊಳ್ಳಿ.